‘ಪೋಷಕರ ನಿರಾಸಕ್ತಿ’ ಎಂಬ ಷರಾ

ಶಾಲೆಗೆ ಬಾರದ ಮಕ್ಕಳ ಪಟ್ಟಿಯಲ್ಲಿ ‘ಕಾರಣ’ ಎಂಬ ಒಂದು ಅಂಕಣವಿರುತ್ತದೆ. ಸೇವೆಯಲ್ಲಿದ್ದ ದಶಕಗಳಲ್ಲಿ ಇಂಥ ಪಟ್ಟಿಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆ ಅಂಕಣದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದ್ದ ಷರಾಗಳು ಎರಡು. ಒಂದು ‘ವಲಸೆ’, ಮತ್ತೊಂದು ‘ಪೋಷಕರ ನಿರಾಸಕ್ತಿ’. ಮೊದಲನೆಯದು ಸಂಗತಿ, ಎರಡನೆಯದು ತೀರ್ಪು. ಈ ತೀರ್ಪು ಬರೆಯುವ ಮುನ್ನ ಪೋಷಕರನ್ನು ಯಾರಾದರೂ ವಿಚಾರಿಸಿದ್ದರೇ ಎಂಬುದಕ್ಕೆ ಕಡತದಲ್ಲಿ ದಾಖಲೆ ಇರುವುದಿಲ್ಲ. ಆದರೂ ಆ ಎರಡು ಪದಗಳು ಬಿದ್ದ ಕೂಡಲೇ ಕಡತ ಮುಕ್ತಾಯವಾಗುತ್ತದೆ. ಏಕೆಂದರೆ ತಂದೆ ತಾಯಿಗಳಿಗೇ ಆಸಕ್ತಿ ಇಲ್ಲವೆಂದ ಮೇಲೆ ಇಲಾಖೆ ಮಾಡುವುದಾದರೂ ಏನು ಎಂಬ ಸಮಾಧಾನ ಎಲ್ಲರಿಗೂ ದೊರೆಯುತ್ತದೆ.

ದುಡಿಮೆಗಾಗಿ ಊರು ಬಿಡುವ, ಅಥವಾ ಶಾಲೆಯ ಭಾಷೆಯನ್ನು ಮನೆಯಲ್ಲಿ ಆಡದ ಕುಟುಂಬಗಳ ವಿಷಯದಲ್ಲಿ ಈ ಷರಾ ಬಹುಪಾಲು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಲೆಯು ತನ್ನ ಅನುಕೂಲದ ವೇಳೆಯಲ್ಲಿ, ತನ್ನ ಭಾಷೆಯಲ್ಲಿ, ತನ್ನ ಅಂಗಳಕ್ಕೆ ಬರುವಂತೆ ಪೋಷಕರನ್ನು ಕರೆಯುತ್ತದೆ. ಬಾರದವರನ್ನು ನಿರಾಸಕ್ತರೆಂದು ಬರೆದುಕೊಳ್ಳುತ್ತದೆ. ಕರೆದ ರೀತಿಯಲ್ಲೇ ದೋಷವಿರಬಹುದೆಂಬ ಯೋಚನೆ ನಮ್ಮ ಆಡಳಿತಕ್ಕೆ ಅಪರೂಪವಾಗಿ ಮಾತ್ರ ಬರುತ್ತದೆ.

ವಿಷಯವನ್ನು ಒಂದು ಊರಿನ ಸುತ್ತ ಇಟ್ಟು ನೋಡುವುದು ಉಚಿತ. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಹೆಸರು ಹುಬ್ಬಳ್ಳಿಯ ಹಳಬರಿಗೆ ಗೊತ್ತಿರುವುದು ನೀರಸಾಗರದ ಕಾರಣದಿಂದ. ಬೇಡ್ತಿ ಹಳ್ಳದ ನೀರನ್ನು ತಡೆದು ನಿಲ್ಲಿಸಿದ ಈ ಜಲಾಶಯ ದಶಕಗಳ ಕಾಲ ಹುಬ್ಬಳ್ಳಿಯ ದಾಹವನ್ನು ತಣಿಸಿತು. ಪೂರ್ವಕ್ಕೆ ಬಯಲುಸೀಮೆ, ಪಶ್ಚಿಮಕ್ಕೆ ಕಾಡಿನ ಅಂಚು; ಭತ್ತ, ಗೋವಿನಜೋಳ, ಹತ್ತಿ, ಈಚೆಗೆ ಕಬ್ಬು. ಮಳೆ ನಂಬಿದ ಬೇಸಾಯ. ಈ ಸೀಮೆಯ ಹಳ್ಳಿಗಳು ಹಾಗೂ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಜನ ದುಡಿಮೆಗೆ ಹೊರಡುತ್ತಾರೆ. ಕೆಲವರು ಹುಬ್ಬಳ್ಳಿ–ಧಾರವಾಡದ ಕಟ್ಟಡದ ಕೆಲಸಕ್ಕೆ, ಕೆಲವರು ಬೆಂಗಳೂರಿಗೆ, ಹಲವರು ಗೋವಾಕ್ಕೆ. ‘ದುಡಿಯಾಕ ಹೋಗ್ಯಾರ’ ಎಂದರೆ ಸಾಕು, ಎಲ್ಲಿಗೆ ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ.

ಇಲ್ಲಿನ ವಲಸೆಗೆ ಎರಡು ಮುಖಗಳಿವೆ. ಒಂದು ಈಗ ಹೇಳಿದ, ಊರಿನಿಂದ ಹೊರಹೋಗುವ ವಲಸೆ. ಇನ್ನೊಂದು ಹಿಂದೆ ಎಂದೋ ಬಂದು ನೆಲೆಸಿದವರದು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದ ಲಂಬಾಣಿಗಳು ರೈಲು ಬಂದ ಮೇಲೆ ಕಸುಬು ಕಳೆದುಕೊಂಡು ತಾಂಡಾಗಳಲ್ಲಿ ನಿಂತರು. ಕಲಘಟಗಿ, ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ಎಮ್ಮೆ ಸಾಕಿಕೊಂಡಿರುವ ಧನಗರ ಗೌಳಿಗಳ ಹಿರಿಯರು ಮಹಾರಾಷ್ಟ್ರದ ಕಡೆಯಿಂದ ಹುಲ್ಲುಗಾವಲು ಅರಸಿ ಬಂದವರು. ಲಂಬಾಣಿ ಮನೆಯಲ್ಲಿ ಲಂಬಾಣಿ ಮಾತು, ಗೌಳಿಗಳ ದೊಡ್ಡಿಯಲ್ಲಿ ಮರಾಠಿಯ ಒಂದು ಬಗೆ. ಗಂಡಸರು ಸಂತೆ, ಡೈರಿ, ಕಚೇರಿ ಎಂದು ತಿರುಗಿ ಕನ್ನಡ ರೂಢಿಸಿಕೊಂಡಿದ್ದಾರೆ. ವಯಸ್ಸಾದ ಹೆಂಗಸರ ಕನ್ನಡ ವ್ಯವಹಾರಕ್ಕೆ ಬೇಕಾದಷ್ಟೇ. ಇಂಥ ಮನೆಯ ಮಗುವಿಗೆ ಕನ್ನಡ ಶಾಲೆಯೂ ಮೊದಲ ದಿನ ಪರಭಾಷೆಯ ಶಾಲೆಯೇ. ಅಂದಹಾಗೆ, ಜನಗಣತಿಯ ಭಾಷಾ ಕೋಷ್ಟಕದಲ್ಲಿ ಲಂಬಾಣಿಯನ್ನು ಹಿಂದಿಯ ಅಡಿಯಲ್ಲಿ ಎಣಿಸಲಾಗುತ್ತದೆ. 2011ರಲ್ಲಿ ಹೀಗೆ ಹಿಂದಿಯೊಳಗೆ ಸೇರಿಹೋದ ಲಂಬಾಣಿ ಮಾತುಗಾರರು 32 ಲಕ್ಷಕ್ಕೂ ಹೆಚ್ಚು. ಲೆಕ್ಕದಲ್ಲೇ ಕಾಣದ ಭಾಷೆಗೆ ಶಾಲೆಯಲ್ಲಿ ದುಭಾಷಿಯನ್ನು ಕೊಡುವ ಪ್ರಶ್ನೆ ಏಳುವುದಾದರೂ ಹೇಗೆ?

ಈ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಪೋಷಕರ ಸಭೆಗೆ ಪರಿಚಿತರೊಬ್ಬರ ಜೊತೆಗೆ ನಾನೂ ಹೋಗಿದ್ದೆ. ಶಾಲೆಯ ಹೆಸರು ಇಲ್ಲಿ ಮುಖ್ಯವಲ್ಲ. ಅಲ್ಲಿನ ಶಿಕ್ಷಕರು ನಾನು ಕಂಡ ಅನೇಕರಿಗಿಂತ ಶ್ರದ್ಧಾವಂತರೇ. ಸಭೆಗೆ ಬಂದವರಲ್ಲಿ ಅಜ್ಜ ಅಜ್ಜಿಯರೇ ಹೆಚ್ಚು. ತಾಂಡಾದಿಂದ ಬಂದಿದ್ದ ಒಬ್ಬ ವೃದ್ಧೆ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಮಗ ಸೊಸೆ ಗೋವಾದಲ್ಲಿ. ಐದನೆಯ ತರಗತಿಯ ಮೊಮ್ಮಗ ಇವರ ಬಳಿ. ಅವರ ಸರದಿ ಬಂದಾಗ ಮಾಸ್ತರರು, ‘ನೋಡ್ರಿ ಆಯಿ, ನಿಮ್ಮ ಹುಡುಗ ವಾರದಾಗ ಎರಡು ದಿನಾ ಸಾಲಿಗೆ ಬರೂದಿಲ್ಲ. ಭಾಗಾಕಾರ ಅಂತೂ ಏನೂ ತಿಳ್ಯಾಂಗಿಲ್ಲ’ ಎಂದರು. ವೃದ್ಧೆ ಮೊಮ್ಮಗನ ಮುಖ ನೋಡಿದರು. ಹುಡುಗ ಲಂಬಾಣಿಯಲ್ಲಿ ಏನನ್ನೋ ಹೇಳಿದ. ಅವರ ಮುಖ ಅರಳಿತು. ಮಾಸ್ತರರಿಗೆ ಎರಡೂ ಕೈ ಜೋಡಿಸಿ ಮುಗಿದರು. ಆಗ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಬಿಸಿಯೂಟದ ಹೆಣ್ಣುಮಗಳು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಅವಳೂ ಅದೇ ತಾಂಡಾದವಳು. ಹುಡುಗ ಮಾಡಿದ್ದ ಅನುವಾದ ಇಷ್ಟು: ‘ಮಾಸ್ತರು ನನ್ನ ಬಗ್ಗೆ ಚಲೋ ಹೇಳಾಕತ್ತಾರ, ಒಂದು ಹೊಸಾ ನೋಟಬುಕ್ ಬೇಕಂತ.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಅಡುಗೆಯವಳ ಮೂಲಕ ವೃದ್ಧೆಯನ್ನು ಮಾತಿಗೆಳೆದಾಗ ಸಿಕ್ಕ ಉತ್ತರ ನಗುವಂಥದ್ದಾಗಿರಲಿಲ್ಲ. ‘ಆಕಿಗೆ ಅಕ್ಷರ ಬರೂದಿಲ್ರಿ ಸಾಹೇಬ್ರ. ರಾತ್ರಿ ಹುಡುಗ ಮಲಗಿದ ಮ್ಯಾಲ ಅವನ ಚೀಲದಾಗಿನ ನೋಟಬುಕ್ ತಗದು ನೋಡ್ತಾಳಂತ. ಹಾಳಿ ತುಂಬಿದ್ರ ಇವತ್ತು ಕಲ್ತಾನ ಅಂತ ತಿಳ್ಕೋತಾಳಂತ.’ ಓದು ಬಾರದ ಒಬ್ಬ ಅಜ್ಜಿ ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಮೊಮ್ಮಗನ ಪುಸ್ತಕ ತೆರೆದು ಹಾಳೆ ಎಣಿಸುತ್ತಾಳೆ. ಆ ವರ್ಷ ಹುಡುಗನ ಗೈರುಹಾಜರಿ ಹೆಚ್ಚಾಗಿ ಪಟ್ಟಿಗೆ ಹೆಸರು ಸೇರಿದ್ದರೆ, ಕಾರಣದ ಅಂಕಣದಲ್ಲಿ ಯಾವ ಷರಾ ಬೀಳುತ್ತಿತ್ತೆಂದು ಓದುಗರೇ ಊಹಿಸಬಹುದು.

ಇನ್ನು ಕಾನೂನಿನ ವಿಚಾರ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿ ಅಥವಾ ಪಾಲಕರ ಕರ್ತವ್ಯವೆಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಅಧಿಕಾರಿಗಳ ಭಾಷಣಗಳಲ್ಲಿ ಇದನ್ನು ಆಗಾಗ ಕೇಳುತ್ತೇವೆ. ಅದೇ ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪಾಲಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ಅವರಿಗೆ ತಿಳಿಸಬೇಕು ಎನ್ನುತ್ತದೆ. ಇದನ್ನು ಉದ್ಧರಿಸುವವರು ಕಡಿಮೆ. ‘ತಿಳಿಸಬೇಕು’ ಎಂಬ ಪದದ ತೂಕವನ್ನು ಗಮನಿಸಬೇಕು. ನೋಟಿಸು ಹಚ್ಚುವುದು ತಿಳಿಸಿದಂತಾಗದು. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದೂ ತಿಳಿಸಿದಂತಾಗದು. 9ನೇ ಸೆಕ್ಷನ್‌ನಲ್ಲಿ, ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರಕ್ಕೆ ಪ್ರತ್ಯೇಕವಾಗಿಯೇ ವಹಿಸಲಾಗಿದೆ. ಶಾಲೆ ಬದಲಿಸುವ ಮಗುವಿಗೆ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 5ನೇ ಸೆಕ್ಷನ್ ವಿಧಿಸುತ್ತದೆ. ಸಮಿತಿಯ ಮುಕ್ಕಾಲು ಭಾಗ ತಂದೆ ತಾಯಿ ಅಥವಾ ಪಾಲಕರಿರಬೇಕು, ಅರ್ಧ ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ಪ್ರಮಾಣಾನುಗುಣ ಸ್ಥಾನ ಇರಬೇಕು ಎಂಬುದು 21ನೇ ಸೆಕ್ಷನ್.

ಕರ್ನಾಟಕಕ್ಕೆ ಇದು ಹೊಸ ಪಾಠವೂ ಆಗಿರಲಿಲ್ಲ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲೇ ನಮ್ಮಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ಮಕ್ಕಳ ಕಲಿಕೆಯನ್ನು ಊರವರ ಮುಂದೆ ಇಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ನಡೆಯಿತು. ಹೆಸರೇ ಎಷ್ಟು ಅರ್ಥಪೂರ್ಣ! ಆದರೆ ವ್ಯವಹಾರದಲ್ಲಿ ಅದು ಸಮುದಾಯವೇ ಶಾಲೆಯತ್ತ ಬರಬೇಕಾದ ಕಾರ್ಯಕ್ರಮವಾಗಿ ಉಳಿಯಿತು. ಶಾಮಿಯಾನ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ತಾಂಡಾಕ್ಕೆ ಹೋಗಿ ಮರದ ಕೆಳಗೆ ಕುಳಿತು ಮಾತನಾಡಿದ ಶಿಕ್ಷಕರೂ ಇದ್ದರೆನ್ನುವುದನ್ನು ನಾನು ಬಲ್ಲೆ. ಅದು ಅವರ ವೈಯಕ್ತಿಕ ಔದಾರ್ಯವೆಂದು ಎಣಿಕೆಯಾಯಿತೇ ಹೊರತು ಇಲಾಖೆಯ ಪದ್ಧತಿ ಆಗಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಮೊದಲು ಕಾಣುವುದು ಬೆಲೆ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಕಟ್ಟಡದ ಕೆಲಸದಲ್ಲಿ ಕೂಲಿ ಇದಕ್ಕಿಂತ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಹನ್ನೊಂದು ಗಂಟೆಯ ಸಭೆಗೆ ಬಂದರೆಂದರೆ ಕನಿಷ್ಠ 740 ರೂಪಾಯಿ ಕಳೆದುಕೊಂಡರು. ದಿನಗೂಲಿಯವರಿಗೆ ಅರ್ಧ ದಿನದ ರಜೆ ಎಂಬುದಿಲ್ಲ. ಬೆಳಿಗ್ಗೆ ಹಾಜರಿ ಹಾಕಿಸದಿದ್ದರೆ ಇಡೀ ದಿನ ಹೋಯಿತು. ಗೋವಾದಲ್ಲಿರುವವರ ಮಾತಂತೂ ಬಿಡಿ. ಅದೇ ಸಭೆಗೆ ಸಂಬಳದ ನೌಕರನೊಬ್ಬ ಒಂದು ತಾಸಿನ ಅನುಮತಿ ಪಡೆದು ಹೋಗಿಬರುತ್ತಾನೆ, ಅವನಿಗೆ ಕಾಸೂ ಖರ್ಚಿಲ್ಲ. ಸಭೆಯ ಬೆಲೆ ಬಡವನಿಗೆ ಹೆಚ್ಚು, ಉಳ್ಳವನಿಗೆ ಕಡಿಮೆ. ಇಷ್ಟು ತೆತ್ತು ಬಂದವನಿಗೆ ಅಲ್ಲಿ ಸಿಗುವುದು ಅರ್ಥವಾಗದ ಒಂದು ಭಾಷಣ ಮತ್ತು ‘ನಿಮ್ಮ ಹುಡುಗ ಹಿಂದೆ ಬಿದ್ದಾನ’ ಎಂಬ ಎಲ್ಲರ ಮುಂದಿನ ಮಾತು. ಮುಂದಿನ ಸಲ ಆತ ಬಾರದಿದ್ದರೆ ಅದನ್ನು ನಿರಾಸಕ್ತಿ ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನುವುದು ಸರಿ.

ಬೆಲೆಯ ನಂತರ ವೇಳೆ. ನಮ್ಮ ಶೈಕ್ಷಣಿಕ ವರ್ಷ ಜೂನ್ ಹೊತ್ತಿಗೆ ಆರಂಭವಾಗಿ ಏಪ್ರಿಲ್ ಎರಡನೆಯ ವಾರದೊಳಗೆ ಮುಗಿಯುತ್ತದೆ. ಕಲಘಟಗಿ ಸೀಮೆಯ ದುಡಿಯುವ ಕುಟುಂಬ ಬಿತ್ತನೆಗೆಂದು ಊರಿನಲ್ಲಿರುವುದು ಮುಂಗಾರಿನಲ್ಲಿ. ಸುಗ್ಗಿ ಮುಗಿಸಿ ನವೆಂಬರ್, ಡಿಸೆಂಬರಿನಲ್ಲಿ ಹೊರಟರೆ ಮರಳುವುದು ಯುಗಾದಿಯ ನಂತರ, ಇಲ್ಲವೇ ಮಳೆ ಹತ್ತಿದಾಗ. ಅಂದರೆ ವಾರ್ಷಿಕ ಪರೀಕ್ಷೆ, ಫಲಿತಾಂಶ, ಪ್ರಗತಿ ಪತ್ರದ ಸಹಿ ಎಲ್ಲವೂ ಅವರಿಲ್ಲದ ತಿಂಗಳುಗಳಲ್ಲಿ ನಡೆಯುತ್ತವೆ. ಅವರು ಊರಿಗೆ ಬಂದೇ ಬರುವ ದಿನಗಳೂ ಇವೆ. ಲಂಬಾಣಿಗಳು ದೀಪಾವಳಿಗೆ ಮತ್ತು ಹೋಳಿಗೆ ಎಲ್ಲಿದ್ದರೂ ತಾಂಡಾಕ್ಕೆ ಮರಳಲು ಹವಣಿಸುತ್ತಾರೆ. ಇದು ಊರಿನ ಕಿರಾಣಿ ಅಂಗಡಿಯವನಿಗೆ ಗೊತ್ತು, ಸಾಲ ವಸೂಲಿಗೆ ಬರುವ ಮೈಕ್ರೊಫೈನಾನ್ಸ್ ಹುಡುಗನಿಗೂ ಗೊತ್ತು. ಅವರಿಬ್ಬರೂ ತಮ್ಮ ಭೇಟಿಯನ್ನು ಆ ದಿನಗಳಿಗೆ ಹೊಂದಿಸಿಕೊಂಡಿದ್ದಾರೆ. ಪೋಷಕರ ಸಭೆಯ ದಿನಾಂಕ ಮಾತ್ರ ಬೆಂಗಳೂರಿನ ಸುತ್ತೋಲೆಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಆಗಿ ಬರುತ್ತದೆ. ಹೋಳಿಯ ಮರುದಿನ ಸಂಜೆ ತಾಂಡಾದಲ್ಲೇ ಸಭೆ ನಡೆಸಲು, ಸುಗ್ಗಿಯ ನಂತರ ಹೊರಡುವ ಮುನ್ನ ಇನ್ನೊಂದು ಸಭೆ ಇಡಲು ಮುಖ್ಯೋಪಾಧ್ಯಾಯರಿಗೆ ಸ್ವಾತಂತ್ರ್ಯ ಕೊಟ್ಟರೆ ಸರ್ಕಾರಕ್ಕೆ ಖರ್ಚು ಏನೂ ಇಲ್ಲ.

ಇದೆಲ್ಲ ಶಿಕ್ಷಕರ ಮೇಲೆ ಮತ್ತೊಂದು ಹೊರೆ ಎಂಬ ಆಕ್ಷೇಪ ಬರುವುದು ಖಂಡಿತ. ಅದರಲ್ಲಿ ಹುರುಳಿದೆ. ಮತದಾರರ ಪಟ್ಟಿ, ಸಮೀಕ್ಷೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ದಿನಕ್ಕೊಂದು ಆ್ಯಪ್ ಇವುಗಳ ನಡುವೆ ಪಾಠಕ್ಕೇ ಸಮಯವಿಲ್ಲ ಎಂಬುದು ಅವರ ನ್ಯಾಯವಾದ ದೂರು. ಆದರೆ 2025ರ ದಸರಾ ರಜೆಯನ್ನು ನೆನಪಿಸಿಕೊಳ್ಳೋಣ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು 60 ಪ್ರಶ್ನೆಗಳನ್ನು ಹಿಡಿದು ಮನೆ ಮನೆಗೆ ಹೋದರು. ಕೆಲಸ ಮುಗಿಯದೆ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಜಾತಿ, ಜಮೀನು ವಿಚಾರಿಸಲು ಪ್ರತಿ ಮನೆಯ ಹೊಸ್ತಿಲು ತುಳಿಯುವಂತೆ ಶಿಕ್ಷಕರಿಗೆ ಆದೇಶಿಸಬಲ್ಲ ಸರ್ಕಾರ, ‘ನಿಮ್ಮ ಮಗುವಿಗೆ ಓದಲು ಬರುತ್ತಿದೆ, ಲೆಕ್ಕ ಬರುತ್ತಿಲ್ಲ’ ಎಂದು ಹೇಳಿಬರಲು ವರ್ಷಕ್ಕೆ ಎರಡು ದಿನ ಮೀಸಲಿಡಲಾರದೇ? ಬೇರೆ ಹೊರೆಗಳಲ್ಲಿ ಕೆಲವನ್ನು ಇಳಿಸಿ ಇದನ್ನು ಹೊರಿಸಲಿ ಎಂಬುದು ನನ್ನ ವಾದ.

ಭಾಷೆಯ ತೊಡಕಿಗೆ ಪರಿಹಾರ ಆ ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲೇ ನಿಂತಿತ್ತು. ಬಿಸಿಯೂಟ ಕಾರ್ಯಕ್ರಮ ರಾಜ್ಯದಲ್ಲಿ 2002ರಿಂದ ನಡೆಯುತ್ತಿದೆ. ತಾಂಡಾದ ಹೆಣ್ಣುಮಕ್ಕಳು ಅಡುಗೆಯವರಾಗಿ ದಿನವೂ ಶಾಲೆಗೆ ಬರುವ ಊರುಗಳಲ್ಲಿ ಎರಡೂ ಭಾಷೆ ಬಲ್ಲ ವ್ಯಕ್ತಿ ಶಾಲೆಯೊಳಗೇ ಇದ್ದಾಳೆ. ಸಭೆಯ ದಿನ ಅವಳಿಗೆ ಒಂದಿಷ್ಟು ಗೌರವಧನ ಕೊಟ್ಟು ದುಭಾಷಿಯಾಗಿ ಕೂರಿಸಲು ಯಾವ ತಜ್ಞ ಸಮಿತಿಯೂ ಬೇಕಿಲ್ಲ. ಅಂಗನವಾಡಿಯ ಸಹಾಯಕಿ, ಆಶಾ ಕಾರ್ಯಕರ್ತೆ, ಹತ್ತನೆಯ ತರಗತಿ ಮುಗಿಸಿದ ತಾಂಡಾದ ಹುಡುಗಿ, ಯಾರಾದರೂ ಆದೀತು. ಮಗು ಮಾತ್ರ ಕೂಡದು.

ಈ ‘ಮಗು ಕೂಡದು’ ಎಂಬುದು ನನ್ನ ಕಲ್ಪನೆಯೇನಲ್ಲ. ನ್ಯೂಯಾರ್ಕ್ ನಗರದ ಶಿಕ್ಷಣ ಇಲಾಖೆ 2006ರಲ್ಲಿ ಇಂಗ್ಲಿಷ್ ಬಾರದ ಪೋಷಕರಿಗೆ ಅನುವಾದ ಮತ್ತು ದುಭಾಷಿ ಸೇವೆ ಕೊಡುವುದನ್ನು ನಿಯಮವಾಗಿಸಿತು. ಬಂಗಾಳಿ, ಉರ್ದು, ಚೀನಿ ಭಾಷೆಯವರಿಗೂ ಅವರವರ ಭಾಷೆಯಲ್ಲಿ ಶಾಲೆಯ ಪತ್ರ ಹೋಗುತ್ತದೆ. ಮಗುವಿನ ಕಲಿಕೆ, ನಡತೆಯ ವಿಷಯದಲ್ಲಿ ಶಿಕ್ಷಕರು ಮತ್ತು ಪೋಷಕರ ನಡುವೆ ಮಕ್ಕಳನ್ನೇ ದುಭಾಷಿಗಳನ್ನಾಗಿ ಬಳಸಬಾರದೆಂದು ಅಲ್ಲಿನ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಕೇರಳದ ಎರ್ನಾಕುಲಂ ಜಿಲ್ಲಾಡಳಿತ 2017ರಲ್ಲಿ ಆರಂಭಿಸಿದ ‘ರೋಶ್ನಿ’ ಯೋಜನೆಯಲ್ಲಿ, ಉತ್ತರ ಮತ್ತು ಪೂರ್ವ ಭಾರತದಿಂದ ಬಂದ ಕಾರ್ಮಿಕರ ಮಕ್ಕಳಿಗಾಗಿ ಅವರ ಮನೆಮಾತನ್ನೂ ಮಲಯಾಳವನ್ನೂ ಬಲ್ಲ ಸ್ವಯಂಸೇವಕರನ್ನು ಶಾಲೆಗಳಲ್ಲಿ ನಿಯೋಜಿಸಲಾಯಿತು.

ಈ ಅಂಕಣವನ್ನು ಓದುತ್ತಿರುವ ಅನೇಕರ ಮಕ್ಕಳು ನ್ಯೂಜೆರ್ಸಿ, ಡಲ್ಲಾಸ್, ಮೆಲ್ಬರ್ನ್‌ಗಳಲ್ಲಿ ಇರಬಹುದು. ಮೊಮ್ಮಕ್ಕಳ ಶಾಲೆಯ ಶಿಕ್ಷಕಿ ಮೊದಲೇ ವೇಳೆ ನಿಗದಿ ಮಾಡಿ, ಹದಿನೈದು ನಿಮಿಷ ಏಕಾಂತದಲ್ಲಿ ಕುಳಿತು, ಮಗುವಿನ ಗುಣವನ್ನು ಮೊದಲು ಹೇಳಿ ಕೊರತೆಯನ್ನು ಅನಂತರ ಹೇಳಿದ ಕಥೆಯನ್ನು ನಾವು ಫೋನಿನಲ್ಲಿ ಕೇಳಿ ಮೆಚ್ಚಿದ್ದೇವೆ. ವಲಸೆ ಹೋದವರಿಗೆ ಅಲ್ಲಿನ ಶಾಲೆ ತೋರುವ ಈ ಸೌಜನ್ಯ ನಮಗೆ ಸಹಜವಾಗಿ ಕಾಣುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಶೆಡ್ಡಿನಲ್ಲಿ ಇರುವ ಕಲಘಟಗಿಯ ಅಥವಾ ಯಾದಗಿರಿಯ ಕುಟುಂಬವೂ ವಲಸಿಗರದೇ, ಅವರ ಮಗು ಹೋಗುವ ಸರ್ಕಾರಿ ಶಾಲೆಯೂ ಹಾಗೆ ನಡೆದುಕೊಳ್ಳಬೇಕಲ್ಲವೇ ಎಂಬ ಪ್ರಶ್ನೆಯನ್ನು ನಾವು ಎತ್ತಿದ್ದು ಕಡಿಮೆ.

ಎಲ್ಲ ಪೋಷಕರೂ ನಿರ್ದೋಷಿಗಳೆಂದು ನಾನು ಹೇಳುತ್ತಿಲ್ಲ. ಕುಡಿತಕ್ಕೆ ಬಿದ್ದ ತಂದೆಯರಿದ್ದಾರೆ. ಹನ್ನೆರಡರ ಹುಡುಗಿಯನ್ನು ತಮ್ಮನನ್ನು ನೋಡಿಕೊಳ್ಳಲೆಂದು ಶಾಲೆ ಬಿಡಿಸುವ ತಾಯಂದಿರಿದ್ದಾರೆ. ಕಬ್ಬು ಕಡಿಯುವ ಗ್ಯಾಂಗುಗಳ ಲೆಕ್ಕ ಇನ್ನೂ ಕಠಿಣ. ಮಹಾರಾಷ್ಟ್ರದ ಬೀಡ್ ಕಡೆಯ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’ ಎಂದು ಎಣಿಕೆಯಾಗುತ್ತದೆ, ಮುಂಗಡ ಹಣ ಪಡೆದ ಮೇಲೆ ಇಬ್ಬರೂ ಹೋಗಲೇಬೇಕು, ಕೂಸುಗಳೂ ಜೊತೆಗೆ. ಅಂಥವರಿಗಾಗಿ ಅಲ್ಲಿ ಕಾರ್ಖಾನೆಗಳ ಬಳಿ ‘ಸಾಖರ ಶಾಳಾ’ಗಳು ನಡೆದವು, ಊರಿನಲ್ಲೇ ಮಕ್ಕಳನ್ನು ಉಳಿಸಿಕೊಳ್ಳಲು ಹಂಗಾಮಿ ವಸತಿ ನಿಲಯಗಳು ಬಂದವು. ನಮ್ಮಲ್ಲೂ ಋತುಮಾನ ವಸತಿ ಶಾಲೆ, ಟೆಂಟ್ ಶಾಲೆಗಳ ಪ್ರಯೋಗಗಳಾದವು. ಇವು ಬೇಕು. ಯುನೆಸ್ಕೊದ 2019ರ ಜಾಗತಿಕ ಶಿಕ್ಷಣ ವರದಿಯ ಪ್ರಕಾರ, 2013ರಲ್ಲಿ ಭಾರತದ ಗ್ರಾಮೀಣ ಭಾಗದಲ್ಲಿ 6ರಿಂದ 14 ವರ್ಷದ ಒಂದು ಕೋಟಿ ಏಳು ಲಕ್ಷ ಮಕ್ಕಳು ಋತುಮಾನದ ವಲಸಿಗರಿರುವ ಮನೆಗಳಲ್ಲಿದ್ದರು. ಅಂಥ ಮನೆಗಳ 15–19ರ ವಯಸ್ಸಿನವರಲ್ಲಿ ಶೇ 28ರಷ್ಟು ಮಂದಿ ಅನಕ್ಷರಸ್ಥರು ಅಥವಾ ಪ್ರಾಥಮಿಕ ಹಂತ ಮುಗಿಸದವರು. ಆ ವಯೋಮಾನದ ಒಟ್ಟಾರೆ ಪ್ರಮಾಣ ಶೇ 18. ಈ ಹತ್ತು ಅಂಶಗಳ ಅಂತರವನ್ನು ಕಟ್ಟಡಗಳಿಂದ ಮಾತ್ರ ತುಂಬುವುದು ಸಾಧ್ಯವೆಂದು ನನಗನ್ನಿಸುವುದಿಲ್ಲ. ವಸತಿ ನಿಲಯದಲ್ಲಿ ಮಗುವನ್ನು ಬಿಟ್ಟ ತಾಯಿಗೂ ಮಗು ಏನು ಕಲಿಯುತ್ತಿದೆ ಎಂದು ತಿಳಿಸುವವರು ಬೇಕು.

ತಿಳಿಸಲು ಸಾಧನದ ಕೊರತೆ ಈಗ ಇಲ್ಲ. ಗೋವಾದ ಶೆಡ್ಡಿನಲ್ಲಿರುವ ತಂದೆಯ ಕೈಯಲ್ಲಿ ಮೊಬೈಲ್ ಇದೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಅವನೂ ಸೇರಿದ್ದಾನೆ. ಆದರೆ ಅದಕ್ಕೆ ಬರುವುದು ಸುತ್ತೋಲೆಯ ಫೋಟೊಗಳು. ಓದಲು ಬಾರದವನಿಗೆ ಬರವಣಿಗೆ ಕಳಿಸುವ ಬದಲು ಅಡುಗೆಯವಳ ಧ್ವನಿಯಲ್ಲಿ ಒಂದು ನಿಮಿಷದ ಲಂಬಾಣಿ ಸಂದೇಶ ಕಳಿಸಬಹುದು: ‘ನಿನ್ನ ಮಗಳು ಈ ವಾರ ಆರು ದಿನವೂ ಬಂದಳು. ಓದುತ್ತಾಳೆ. ಭಾಗಾಕಾರದಲ್ಲಿ ತೊಡಕಿದೆ. ಫೋನು ಮಾಡಿದಾಗ ಕೇಳು.’ ರಾತ್ರಿ ಮಗಳೊಂದಿಗೆ ಮಾತನಾಡುವ ತಂದೆ ‘ಉಂಡ್ಯಾ?’ ಎಂದು ಕೇಳುವುದರ ಜೊತೆಗೆ ಭಾಗಾಕಾರದ ಮಾತನ್ನೂ ಕೇಳುತ್ತಾನೆ. ಅವನಿಗೆ ಭಾಗಾಕಾರ ಬರಬೇಕೆಂದೇನೂ ಇಲ್ಲ. ಮನೆಯವರು ಕೇಳುತ್ತಾರೆಂಬ ಅರಿವು ಮಗುವಿಗೆ ಇದ್ದರೆ ಸಾಕಷ್ಟಾಯಿತು. ನಮ್ಮ ಮನೆಗಳಲ್ಲೂ ನಡೆದದ್ದು ಅದೇ ಅಲ್ಲವೇ? ನಮ್ಮ ಪೀಳಿಗೆಯ ಎಷ್ಟು ಮಂದಿಯ ತಾಯಂದಿರಿಗೆ ಬೀಜಗಣಿತ ಬರುತ್ತಿತ್ತು?

ಸಮಿತಿಯ ವಿಷಯದಲ್ಲಿ ಒಂದು ಸಣ್ಣ, ಆದರೆ ಗಂಭೀರವಾದ ಮಾತು. ಕಾಯ್ದೆ ‘ತಂದೆ ತಾಯಿ ಅಥವಾ ಪಾಲಕರು’ ಎನ್ನುತ್ತದೆ. ದುಡಿಮೆಗೆ ಹೋದವರ ಮಕ್ಕಳನ್ನು ವರ್ಷದ ಆರು ತಿಂಗಳು ಸಾಕುವ ಅಜ್ಜಿಯನ್ನು ಪಾಲಕಿಯೆಂದು ಪರಿಗಣಿಸಿ ಸಮಿತಿಯಲ್ಲಿ ಕೂರಿಸಲು ಇದಕ್ಕಿಂತ ಬೇರೆ ಆಧಾರ ಬೇಕೇ? ಈಗ ಅನೇಕ ಕಡೆ ಸಮಿತಿಯ ಅಧ್ಯಕ್ಷತೆ ಊರಿನ ರಾಜಕಾರಣದ ಮೊದಲ ಮೆಟ್ಟಿಲಾಗಿದೆ. ವಲಸೆಯ ಮನೆಗಳ ಸ್ಥಾನಗಳು ಸಹಿಗೆ ಮಾತ್ರ ಇರುತ್ತವೆ, ಸಭೆಯ ದಿನ ಅವರು ಊರಿನಲ್ಲಿರುವುದಿಲ್ಲ. ಶಾಲೆಯ ಶೇ 30–40ರಷ್ಟು ಮಕ್ಕಳು ಅಂಥ ಮನೆಗಳಿಂದ ಬರುವಲ್ಲಿ ಅಜ್ಜ ಅಜ್ಜಿಯರಿಗೆ ಕನಿಷ್ಠ ಮೂರು ಸ್ಥಾನಗಳನ್ನು ಮೀಸಲಿಡುವ ತಿದ್ದುಪಡಿಯನ್ನು ಇಲಾಖೆ ತನ್ನ ಉಪವಿಧಿಗಳಲ್ಲಿ ತರಬಹುದು.

ಕೊನೆಯದಾಗಿ, ತಂದೆ ತಾಯಿಯ ಜೊತೆಗೇ ಗೋವಾಕ್ಕೆ ಹೋಗುವ ಮಕ್ಕಳು. 2011ರ ಜನಗಣತಿಯಂತೆ ಸುಮಾರು 14.6 ಲಕ್ಷ ಜನಸಂಖ್ಯೆಯ ಆ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು ಶೇ 4ಕ್ಕಿಂತ ಹೆಚ್ಚು. ಹಿಂದಿಯ ಲೆಕ್ಕದಲ್ಲಿ ಅಡಗಿರುವ ನಮ್ಮ ಲಂಬಾಣಿಗಳು ಇದರಲ್ಲಿ ಸೇರಿಲ್ಲ. ವಾಸ್ಕೊ, ಬೈನಾ, ಝುವಾರಿನಗರಗಳಲ್ಲಿ ಕನ್ನಡಿಗರ ಬಡಾವಣೆಗಳೇ ಇವೆ. ಕೆಲವು ಕನ್ನಡ ಶಾಲೆಗಳೂ ಇವೆ. ಆದರೆ ಕೆಲಸದ ಜಾಗ ಬದಲಾದಂತೆ ಮನೆಯೂ ಬದಲಾಗುವ ಕುಟುಂಬಕ್ಕೆ ಹತ್ತಿರ ಸಿಗುವ ಸರ್ಕಾರಿ ಪ್ರಾಥಮಿಕ ಶಾಲೆ ಬಹುತೇಕ ಮರಾಠಿ ಮಾಧ್ಯಮದ್ದು. ಲಂಬಾಣಿ ಮನೆಯ ಮಗು ಕನ್ನಡಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಮರಾಠಿಗೆ ಹೋಗಿ ಕೂರುತ್ತದೆ, ಜೂನಿನಲ್ಲಿ ಮತ್ತೆ ಕನ್ನಡ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2019ರಲ್ಲಿ ಆರಂಭವಾದ ಮೇಲೆ ಕೂಲಿಕಾರನ ಅಕ್ಕಿ ರಾಜ್ಯದ ಗಡಿ ದಾಟಲು ದಾರಿಯಾಯಿತು. ಮಕ್ಕಳಿಗೂ ‘ಅಪಾರ್’ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು 2023ರಲ್ಲಿ ತರಲಾಯಿತು. ಸಂಖ್ಯೆ ಗಡಿ ದಾಟಿದರೂ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬ ಒಂದು ಹಾಳೆಯ ವಿವರ ಅದರ ಜೊತೆಗೆ ಹೋಗಬೇಕು. ವರ್ಗಾವಣೆ ಪತ್ರಕ್ಕೆ ಲಗತ್ತಿಸಿ, ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿಸಿದ ನಮೂನೆಯನ್ನು ಹೊರಡುವ ತಾಯಿಯ ಕೈಗೆ ಕೊಟ್ಟು, ಅಲ್ಲಿನ ಶಾಲೆಗೆ ಇದನ್ನು ತೋರಿಸು, ಇದು ನಿನ್ನ ಹಕ್ಕು ಎಂದು ಅವಳ ಮಾತಿನಲ್ಲಿ ಹೇಳಿ ಕಳಿಸಬೇಕು.

ಇದಕ್ಕೆ ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳು ಒಮ್ಮೆ ಕೂತು ಮಾತನಾಡಬೇಕಾಗುತ್ತದೆ. ಮಹದಾಯಿಯ ನೀರಿಗಾಗಿ ಕರ್ನಾಟಕ ಮತ್ತು ಗೋವಾ 2010ರಲ್ಲಿ ರಚನೆಯಾದ ನ್ಯಾಯಾಧಿಕರಣದ ಮುಂದೆ 2018ರ ತೀರ್ಪಿನವರೆಗೆ ವಾದಿಸಿದವು. ಮಕ್ಕಳ ಪಟ್ಟಿಯ ವಿನಿಮಯಕ್ಕೆ ನ್ಯಾಯಾಧಿಕರಣ ಬೇಕಿಲ್ಲ. ಯಾವ ಊರಿನ ಯಾವ ಮಗು ಡಿಸೆಂಬರಿನಲ್ಲಿ ಮಡಗಾಂವಿಗೋ ಮಾಪುಸಾಕ್ಕೋ ಹೊರಡುತ್ತದೆ ಎಂಬುದು ಕಲಘಟಗಿ ತಾಲ್ಲೂಕಿನ ಪ್ರತಿ ಮುಖ್ಯೋಪಾಧ್ಯಾಯರಿಗೂ ನವೆಂಬರಿನಲ್ಲೇ ಗೊತ್ತಿರುತ್ತದೆ. ಧಾರವಾಡದ ಉಪನಿರ್ದೇಶಕರ ಕಚೇರಿ ಆ ಹೆಸರುಗಳನ್ನು ಒಂದೆಡೆ ಸೇರಿಸಿ ಪಣಜಿಗೆ ಕಳಿಸಲು ಒಂದು ವಾರ ಸಾಕು.